ಅಗಸಿ ಗುಂಡಿನ ವೀಳ್ಯ

ಮು. ಬೋರಿಹಾಳ, ಪೋ. ಕರಜಗಿ,
ತಾ. ಅಫಜಲಪುರ
ಮಂಗಳವಾರ, ೩ ಜೂನ್ ೨೦೨೫

ಮೈತ್ರಿಯ ಅಪ್ಪನಿಗೆ ಪಂಚಶೀಲಾಳ ಜೈಭೀಮ.

ಹೇಗಿದ್ದೀರಿ? ಬೇರೆಲ್ಲ ಆಮೇಲೆ, ಮೊದಲು ಬೆನ್ನಿನ ವಿಷಯ ಹೇಳಿ. ಬೆಳಿಗ್ಗೆ ಏಳುವಾಗ ಎಡಗಾಲು ಜುಮ್ಮೆನ್ನುವುದು ನಿಂತಿದೆಯೋ, ಹಾಗೇ ಇದೆಯೋ? ಅಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಮೊಣಕಾಲು ಮುಳುಗುವಂಥ ಮೆತ್ತನೆಯ ಗಾದಿ ಕೊಟ್ಟಿದ್ದಾರೆಂದು ಕೇಳಿದೆ. ಗಟ್ಟಿ ಹಾಸಿಗೆಯ ಮೇಲೆಯೇ ಮಲಗಬೇಕೆಂದು ಡಾಕ್ಟರು ಹೇಳಿದ್ದು ನೆನಪಿರಲಿ. ನಾಚಿಕೆ ಬಿಟ್ಟು ಒಂದು ಚಾಪೆ ಕೇಳಿ. ನೀವು ಕೇಳುವುದಿಲ್ಲ, ಗೊತ್ತು. ಮದುವೆಯ ದಿನ ಊಟದಲ್ಲಿ ನಿಮಗೆ ಹಪ್ಪಳ ಬಡಿಸುವುದು ಮರೆತಿದ್ದರೂ ಕೇಳದೆ ಎದ್ದವರು ನೀವು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಮೊಸರು ಮೆಣಸಿನಕಾಯಿ ಕಟ್ಟಿದ್ದೇನೆ. ಈ ಕಾಗದ ರೊಟ್ಟಿಗಳ ನಡುವೆ ಸಿಕ್ಕಿತೆಂದು ನಗಬೇಡಿ, ಬೇರೆ ದಾರಿ ಇರಲಿಲ್ಲ.

ಇಲ್ಲಿ ಎಲ್ಲರೂ ಆರಾಮ. ನಿಮ್ಮ ಅವ್ವನ ಮಂಡಿನೋವು ನೀವು ಟೀವಿಯಲ್ಲಿ ಬಂದ ದಿನದಿಂದ ಎಲ್ಲಿಗೆ ಓಡಿಹೋಯಿತೋ ತಿಳಿಯದು, ಹರೆಯದ ಹುಡುಗಿಯ ಹಾಗೆ ಓಣಿ ಓಣಿ ಸುತ್ತುತ್ತಾರೆ. ಮೈತ್ರಿಗೆ ಶಾಲೆ ಶುರುವಾಗಿದೆ. ಹೊಸ ಮಾಸ್ತರರು ಮೊದಲ ದಿನವೇ ಕಲ್ಲುಗುಂಡು ಎತ್ತಿದ ಸೂರ್ಯಕಾಂತನ ಮಗಳು ಯಾರು ಎಂದು ಕೇಳಿ, ಎಬ್ಬಿಸಿ ನಿಲ್ಲಿಸಿ, ಉಳಿದವರಿಂದ ಚಪ್ಪಾಳೆ ಹೊಡೆಸಿದರಂತೆ. ನನ್ನ ಅಂಗನವಾಡಿಯಲ್ಲಿ ಕೂಸುಗಳು ಉಪ್ಪಿಟ್ಟಿನ ಬಟ್ಟಲನ್ನು ಹೆಗಲ ಮೇಲಿಟ್ಟುಕೊಂಡು ಗುಂಡೆತ್ತುವ ಆಟ ಆಡುತ್ತವೆ. ಅರ್ಧ ಉಪ್ಪಿಟ್ಟು ನೆಲದ ಪಾಲು. ನೋಡಿದರೆ ನಗು ಬರುತ್ತದೆ.

ಫೋನ್ ಇರುವ ಕಾಲದಲ್ಲಿ ಇವಳಿಗೇಕೆ ಕಾಗದದ ಹುಚ್ಚು ಎನ್ನಬೇಡಿ. ನಿಮ್ಮ ಫೋನು ಟೀವಿ ಶೋದವರ ಪೆಟ್ಟಿಗೆಯಲ್ಲಿ ಬಿದ್ದಿದೆ. ಯಾವಾಗ ಕರೆದರೂ ಆ ಹುಡುಗಿಯೇ ಎತ್ತುತ್ತಾಳೆ. ನಮ್ಮ ಮನೆಗೆ ಶೂಟಿಂಗಿಗೆ ಬಂದಿದ್ದಳಲ್ಲ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಎಲ್ಲರನ್ನೂ ಓಡಾಡಿಸುತ್ತಿದ್ದವಳು, ಅವಳೇ. "ಸರ್ ಪ್ರಾಕ್ಟೀಸಲ್ಲಿದಾರೆ ಮೇಡಂ" ಎನ್ನುತ್ತಾಳೆ. ಬೆಳಿಗ್ಗೆಯೂ ಪ್ರಾಕ್ಟೀಸು, ಮಧ್ಯಾಹ್ನವೂ ಪ್ರಾಕ್ಟೀಸು. ಹೋದ ವಾರ ಪಕ್ಕದ ಮನೆಯ ಸುಲ್ತಾನಬಿಯ ಮಗ ಮುಜೀಬನ ಕೈಯಲ್ಲಿ ಡಬ್ಬಿ ಕಳಿಸಿ ಮೇಲೆ ಒಂದು ಚೀಟಿ ಇಟ್ಟಿದ್ದೆ. ಡಬ್ಬಿ ಒಳಗೆ ಹೋಯಿತಂತೆ, ಚೀಟಿಯನ್ನು ಗೇಟಿನಲ್ಲೇ ತೆಗೆದುಕೊಂಡರಂತೆ. ಮುಜೀಬನಿಗೆ ಬೆಂಗಳೂರಿನ ಸ್ಲೀಪರ್ ಬಸ್ಸಿನ ಕೆಲಸ ಸಿಕ್ಕಿದ್ದು ಎಷ್ಟು ಒಳ್ಳೆಯದಾಯಿತು ನೋಡಿ. "ಭಾಭಿ, ಈ ಸಲ ರೊಟ್ಟಿ ಒಳಗ ಇಡ್ರಿ, ರೊಟ್ಟಿ ಬಿಚ್ಚಿ ನೋಡೋವಷ್ಟು ಪುರಸೊತ್ತು ಅವರಿಗಿಲ್ಲ" ಎಂದು ಹೇಳಿದವನು ಅವನೇ.

ನೀವು ಬರುವ ಕಂತಿನ ದಿನ ಅಣ್ಣಾರಾಯ ಗೌಡರು ಊರ ಹೆಬ್ಬಾಗಿಲಲ್ಲಿ, ಅಗಸಿಯ ಮುಂದೆ ದೊಡ್ಡ ಪರದೆ ಕಟ್ಟಿಸಿದರು. ಅಗಸಿಯ ಕಮಾನಿನ ಮೇಲೆ ನಿಮ್ಮ ಫೋಟೋದ ಬ್ಯಾನರು. ನಮ್ಮ ಓಣಿಯವರ ಮುಖ ಅಷ್ಟು ಎತ್ತರಕ್ಕೆ ಏರಿದ್ದು ಇದೇ ಮೊದಲು, ಅದನ್ನು ಗೌಡರೇ ನಿಂತು ಕಟ್ಟಿಸಿದರು, ಇದ್ದದ್ದನ್ನು ಇಲ್ಲ ಎನ್ನಬಾರದು. ನಿಮಗಿಂತ ಮೊದಲು ಬಂದವರನ್ನೆಲ್ಲ ನೋಡಿದೆವು. ಒಬ್ಬ ಗಲ್ಲ ಬಡಿದುಕೊಂಡೇ ಹಾಡು ನುಡಿಸಿದ. ಒಬ್ಬ ತಲೆಕೆಳಗಾಗಿ ನೇತಾಡುತ್ತ ಪಂಚಾಂಗ ಓದಿದ. ಒಬ್ಬ ಮುದುಕಿ ಮೂಗಿನಿಂದ ಪೀಪಿ ಊದಿ, ಕಡೆಗೆ ತೀರಿಹೋದ ಮಗನನ್ನು ನೆನೆದು ಅತ್ತಳು. ಇವರೆಲ್ಲ ಖರೆಯೋ, ಆಟ ಕಟ್ಟಿದ್ದೋ ಎಂದು ಮಂದಿಯಲ್ಲಿ ಒಂದೇ ವಾದ. ಎಲ್ಲ ಬರೆದುಕೊಟ್ಟದ್ದು, ಅಳುವುದೂ ಬರೆದುಕೊಟ್ಟದ್ದು ಎಂದಳು ನಿಮ್ಮ ಮಗಳು. ಸುಲ್ತಾನಬಿ ಒಪ್ಪಲಿಲ್ಲ. "ಆಕಿ ಮೂಗ ನೋಡ್ಬೇ, ಹೆಂಗ ಕೆಂಪಗ ಆಗ್ಯದ. ಕಣ್ಣು ಸುಳ್ಳ ಹೇಳ್ತಾವ, ಮೂಗು ಹೇಳಂಗಿಲ್ಲ" ಎಂದಳು. ನಿಮ್ಮ ಅವ್ವನದು ಒಂದೇ ಮಾತು: "ಅಷ್ಟು ದೊಡ್ಡ ಬೆಳಕಿನ್ಯಾಗ ನಿಂತು ಯಾರರ ಸುಳ್ಳ ಆಡ್ತಾರೇನ?"

ನನಗಂತೂ ಶೂಟಿಂಗಿನ ದಿನ ನಮ್ಮ ಮನೆಯಲ್ಲೇ ನಡೆದದ್ದು ನೆನಪಾಗುತ್ತಿತ್ತು. ನಿಮ್ಮ ಪ್ಯಾಂಟು ಬಿಚ್ಚಿಸಿ ಮಾವನವರ ಹಳೆಯ ಧೋತರ ಉಡಿಸಿದರು, ಚಷ್ಮಾ ತೆಗೆಸಿದರು. ಬಾಗಿಲಲ್ಲೇ ನಳ ಇರುವಾಗ ನನ್ನ ತಲೆಯ ಮೇಲೆ ಕೊಡ ಹೊರಿಸಿ ಹಾಳುಬಾವಿಗೆ ನಡೆಸಿದರು. ನನ್ನ ಕಣ್ಣಿಗೆ ಏನೋ ಹನಿ ಹಾಕಿದರಲ್ಲ, ನೀರು ಸುರಿಯಲಿ ಎಂದು. ಊರೆಲ್ಲ ಸುತ್ತ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆ ದಿನ ನನಗೂ ಗಮ್ಮತ್ತೆನಿಸಿತ್ತು, ಸುಳ್ಳೇಕೆ. ಮೂರು ಸಲ ಅತ್ತೆ, ಮೂರನೆಯದು ಚೆನ್ನಾಗಿ ಬಂತು ಎಂದಾಗ ಹಿಗ್ಗಿದ್ದೆ.

ಆಮೇಲೆ ಪರದೆಯ ಮೇಲೆ ನೀವು ಬಂದಿರಿ. ಗುಂಡನ್ನು ನೋಡಿದೊಡನೆ ನನ್ನ ಎದೆ ಧಸಕ್ಕೆಂದಿತು, ಇವರು ನಿಜವಾಗಿ ಎತ್ತಿಬಿಡುತ್ತಾರೆ ಎಂದು. ನೀವು ಎತ್ತಿದಿರಿ. ಎತ್ತಿದ ಮೇಲೆ ಎದೆ ಇನ್ನೊಮ್ಮೆ ಧಸಕ್ಕೆಂದಿತು. ನಮ್ಮ ಓಣಿಯ ಬಯಲಿನಲ್ಲಿ ನೀವು ಗುಂಡೆತ್ತುವುದನ್ನು ಮದುವೆಯಾದಂದಿನಿಂದ ನೋಡಿದವಳು ನಾನು. ಕುಕ್ಕರಗಾಲಲ್ಲಿ ಕೂರುತ್ತೀರಿ, ಗುಂಡನ್ನು ತೊಡೆಗೆ ತರುತ್ತೀರಿ, ಅಲ್ಲಿ ಒಮ್ಮೆ ನಿಲ್ಲುತ್ತೀರಿ. ತೊಡೆಯಿಂದ ಎದೆಗೆ ಬರುವಾಗ ನಿಮ್ಮ ಕತ್ತಿನ ಬಲಗಡೆಯ ನರ ಬೆರಳ ಗಾತ್ರ ಉಬ್ಬುತ್ತದೆ, ಕೆಳತುಟಿ ಹಲ್ಲಿನ ಕೆಳಗೆ ಹೋಗುತ್ತದೆ. ಹೆಗಲಿಗೇರಿದ ಮೇಲೆ ದೇವರು ಬಂದು ಕರೆದರೂ ನಿಮ್ಮ ಬಾಯಿಂದ ಮಾತು ಹೊರಡುವುದಿಲ್ಲ. ಅಲ್ಲಿ ಮಾತ್ರ ಗುಂಡು ಹೆಗಲ ಮೇಲಿರುವಾಗಲೇ ಆ ಜಡ್ಜಮ್ಮ ಹೆಂಡತಿಯ ಹೆಸರೇನು ಎಂದು ಕೇಳಿದರೆ ನೀವು ನಗುತ್ತ ನನ್ನ ಹೆಸರು ಹೇಳಿದಿರಿ. ಊರೆಲ್ಲ ಹೋ ಎಂದು ನನ್ನ ಕಡೆ ತಿರುಗಿತು. ನಾಚಬೇಕಾದ ಹೊತ್ತಿನಲ್ಲಿ ನಾನು ನಿಮ್ಮ ಕತ್ತಿನ ಆ ನರವನ್ನು ಹುಡುಕುತ್ತಿದ್ದೆ. ಗುಂಡು ಹುಸಿ. ನನಗೆ ಗೊತ್ತಾಯಿತು. ನಿಮಗಂತೂ ಮುಟ್ಟಿದೊಡನೆ ಗೊತ್ತಾಗಿರಬೇಕು.

ಸಿಟ್ಟು ಬಂತು, ಆ ಮೇಲೆ ಸಿಟ್ಟು ಇಳಿಯಿತು. ಬೆನ್ನು ಹೋಗುವ ಮೊದಲು ಅಫಜಲಪುರದ ಬಜಾರಿನಲ್ಲಿ ನೀವು ಹೊತ್ತ ತೊಗರಿ ಚೀಲಗಳು ಹುಸಿ ಇರಲಿಲ್ಲ. ಅವರು ನೋಡಿ ಮೆಚ್ಚಿ ಕರೆದ ಹಳೆಯ ವೀಡಿಯೋದ ಗುಂಡೂ ಹುಸಿ ಇರಲಿಲ್ಲ. ಬೆನ್ನೆಲುಬಿನ ನಡುವಿನ ಗಾದಿ ಜಾರಿದೆ, ಇನ್ನೊಮ್ಮೆ ಭಾರ ಎತ್ತಿದರೆ ಎರಡೂ ಕಾಲು ಹೋಗುತ್ತವೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದು ಕಲಬುರಗಿಯ ಡಾಕ್ಟರು ಹೇಳಿದಾಗ ನೀವು ತಲೆ ಬಗ್ಗಿಸಿ ಚಪ್ಪಲಿ ನೋಡುತ್ತ ಕೂತಿದ್ದಿರಿ. ಅವ್ವನಿಗೆ ಹೇಳಬೇಡ, ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿರಿ. ಹಮಾಲಿ ಬಿಟ್ಟು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿರಿ. ಆ ಕುರ್ಚಿಯಲ್ಲಿ ನಿಮ್ಮನ್ನು ನೋಡುವುದು ನನಗೆ ಆಗುತ್ತಿರಲಿಲ್ಲ. ಇನ್ನೊಂದು ಸಲ ಮಂದಿಯ ಮುಂದೆ ಗುಂಡೆತ್ತಿದವನು ಎನಿಸಿಕೊಳ್ಳುವ ಆಸೆ ನಿಮಗೆ ಎಷ್ಟಿತ್ತು ಎಂದು ನನಗೆ ಗೊತ್ತು. ಶೋದವರಿಗೆ ಫೋನು ಕೊಡುವ ಮೊದಲು ಮಾತಾಡಿದಿರಲ್ಲ: "ಚಿಂತಿ ಮಾಡಬ್ಯಾಡ, ನನ್ನ ಬೆನ್ನಿಗೆ ಏನೂ ಆಗಂಗಿಲ್ಲ, ಅವರು ಎಲ್ಲಾ ವ್ಯವಸ್ಥಾ ಮಾಡ್ಯಾರ." ಆಗ ತಿಳಿಯಲಿಲ್ಲ ನನಗೆ.

ಇಷ್ಟಕ್ಕೇ ಮುಗಿದಿದ್ದರೆ ನಿಮ್ಮ ಹುಸಿಗುಂಡನ್ನು ನಾನು ಸಾಯುವ ತನಕ ಹೊಟ್ಟೆಯಲ್ಲಿಟ್ಟುಕೊಂಡು, ಆಗಾಗ ಕಾಡಿಸಲು ಮಾತ್ರ ಹೊರಗೆ ತೆಗೆಯುತ್ತಿದ್ದೆ. ಆದರೆ ಮರುದಿನದಿಂದ ಫೋನುಗಳಲ್ಲಿ ಶುರುವಾಯಿತು. ಆ ಕಂತಿನ ವೀಡಿಯೋದ ಕೆಳಗೆ ಯಾರು ಯಾರೋ ಬರೆದಿದ್ದರು, ಗುಂಡು ಥರ್ಮಾಕೋಲಿನದು, ಇವನು ಜೂನಿಯರ್ ಆರ್ಟಿಸ್ಟು, ಹಳ್ಳಿಯೂ ಸೆಟ್ಟು ಎಂದು. ಮೈತ್ರಿ ಓದಿ ಓದಿ ಅತ್ತಳು. ಜೇವರ್ಗಿ ಕಡೆ ಅಂದೋಲಾದಲ್ಲಿ ಗೌಡರ ಬೀಗರಿದ್ದಾರಲ್ಲ, ಅವರ ಮನೆಯ ಮದುವೆಯಲ್ಲಿ ಊಟಕ್ಕೆ ಕೂತಾಗ ಯಾರೋ ಗೌಡರ ಎಲೆಯ ಮುಂದೆ ಹತ್ತಿಯ ಉಂಡೆ ಇಟ್ಟು, ಎತ್ತರಿ ಗೌಡರ, ನಿಮ್ಮೂರ ಗುಂಡು ಎಂದರಂತೆ. ಗೌಡರು ಅನ್ನ ಬಿಟ್ಟು ಎದ್ದು ಬಂದರು. ನಿಮ್ಮ ಮಾನ ಈಗ ಅವರ ಮಾನವೂ ಆಗಿದೆ. ನಮ್ಮವನನ್ನು ಸುಳ್ಳ ಎಂದರು ಎಂದು ಅಗಸಿಯ ಕಟ್ಟೆಯ ಮೇಲೆ ನಿಂತು ಕೂಗಿದರು. ನಮ್ಮವನು! ಆ ಮಾತು ಕೇಳಿ ನಮ್ಮ ಓಣಿಯ ಹಿರಿಯರ ಕಣ್ಣಲ್ಲಿ ನೀರು ಬಂತು. ನನಗೂ ಬರುತ್ತಿತ್ತೋ ಏನೋ, ಗೌಡರು ಮುಂದಿನ ಮಾತು ಆಡದಿದ್ದರೆ. ಬರುವ ವಾರದ ಕಾರಹುಣ್ಣಿಮೆಯ ದಿನ ಸೂರ್ಯಕಾಂತ ಅಗಸಿ ಗುಂಡು ಎತ್ತುತ್ತಾನೆ, ಯಾರು ಬೇಕಾದರೂ ಬಂದು ತಟ್ಟಿ ನೋಡಲಿ ಎಂದರು.

ಎತ್ತುವವನನ್ನು ಕೇಳದೆ ಹೇಗೆ ಎಂದು ನೀವು ಅನ್ನಬಹುದು. ಕೇಳಿದ್ದಾರೆ, ಪದ್ಧತಿಯ ಪ್ರಕಾರವೇ ಕೇಳಿದ್ದಾರೆ. ಮರುದಿನ ಹಲಗೆ ಬಾರಿಸಿಕೊಂಡು ಗೌಡರು ನಮ್ಮ ಮನೆಯ ತನಕ ನಡೆದು ಬಂದರು. ಕಂಚಿನ ತಟ್ಟೆಯಲ್ಲಿ ಐದು ಎಲೆ, ಅಡಿಕೆ, ಬೆಲ್ಲದ ತುಣುಕು, ಅದರ ಮೇಲೆ ಗುಂಡಿಗೆ ಹಚ್ಚಿದ ಎಣ್ಣೆಯ ಬೊಟ್ಟು. ನಾನು ಅಂಗನವಾಡಿಯಿಂದ ಓಡಿ ಬರುವಷ್ಟರಲ್ಲಿ ನಿಮ್ಮ ಅವ್ವ ಸೆರಗು ಹೊದ್ದು ಹೊಸ್ತಿಲ ಮೇಲೆ ನಿಂತಿದ್ದರು. "ಅಂಬುಬಾಯಿ, ನಿನ್ನ ಗಂಡ ಬೇಡಿದ್ದು ಇದು. ಅಂವಗ ನಮ್ಮ ಹಿರ್ಯಾರು ಕೊಡಲಿಲ್ಲ. ನಿನ್ನ ಮಗಗ ನಾ ಕೊಡಾಕತ್ತೇನಿ, ತಗೋ" ಎಂದರು ಗೌಡರು. ನಾನು ಬೇಡ ಎಂದು ಕೂಗಿದೆ, ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮಾವನವರು ಪ್ರತಿ ಕಾರಹುಣ್ಣಿಮೆಗೂ ಅಗಸಿಯ ಹೊರಗೆ ಕೈಕಟ್ಟಿ ನಿಂತು ಆ ವೀಳ್ಯ ಬೇಡಿ, ಬೇಡಿ, ಮರಳಿ ಬರುತ್ತಿದ್ದರೆಂದು ನೀವೇ ನನಗೆ ಹೇಳಿದ್ದಿರಿ. ಅಗಸಿ ಗುಂಡು ಮುಟ್ಟುವ ಹಕ್ಕು ಬೇರೆ ಓಣಿಯವರದಾಗಿತ್ತು. ಹೀಗಿರುವಾಗ ಅವ್ವ ಎರಡೂ ಕೈ ಚಾಚಿದ್ದು ತಪ್ಪೆಂದು ನಾನು ಹೇಗೆ ಹೇಳಲಿ? ಎಲೆಗಳನ್ನು ಕಣ್ಣಿಗೊತ್ತಿಕೊಂಡು, ಒಳಗೆ ಒಯ್ದು, ಬಾಬಾಸಾಹೇಬರ ಫೋಟೋದ ಕೆಳಗೆ ಇಟ್ಟರು. ಮನೆಯ ಹಿರಿಯರು ವೀಳ್ಯ ಹಿಡಿದರೆ ಮನೆಯ ಗಂಡಸು ಗುಂಡು ಹಿಡಿದ ಹಾಗೆ. ಇದು ನಿಮಗೆ ನಾನು ಹೇಳಬೇಕಾದ ಮಾತಲ್ಲ.

ಆ ಮೇಲೆ ಗುಂಡನ್ನು ಅಗೆಯಲು ಶುರುಮಾಡಿದರು. ಅಗಸಿಯ ಪಕ್ಕದಲ್ಲಿ ಕುಂಬಳಕಾಯಿಯಷ್ಟು ಮೇಲೆ ಕಾಣುತ್ತಿತ್ತಲ್ಲ, ಮೈತ್ರಿ ಚಿಕ್ಕವಳಿದ್ದಾಗ ಅದರ ಮೇಲೆ ಕುದುರೆಯಾಟ ಆಡುತ್ತಿದ್ದಳು. ಯಾರೂ ಎತ್ತದೆ ಬಿಟ್ಟು ಮಣ್ಣಿನಲ್ಲಿ ಹೂತುಹೋಗಿದೆ, ಸ್ವಲ್ಪ ಕೆದರಿದರೆ ಬರುತ್ತದೆ ಎಂದುಕೊಂಡಿದ್ದರು. ಗುದ್ದಲಿ ಹಾಕಿದಷ್ಟೂ ಅದು ಕೆಳಗೆ ಅಗಲವಾಗುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹಗ್ಗ ತಂದರು, ಆಮೇಲೆ ಟ್ರ್ಯಾಕ್ಟರು ತಂದರು. ಮೇಲೆ ಬಂದಾಗ ನೋಡಿದೆ. ನಾವು ಇಷ್ಟು ವರ್ಷ ನೋಡಿದ್ದು ಅದರ ನೆತ್ತಿ ಮಾತ್ರ. ಹಗ್ಗ ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿದರು. ಗೌಡರೂ ಸರಿದರು. ಆ ಗಳಿಗೆಯಲ್ಲಿ ಯಾರಾದರೂ ಇದು ಆಗದ ಮಾತು ಎಂದಿದ್ದರೆ ಎಲ್ಲರೂ ಹೌದು ಎಂದು ಮನೆಗೆ ಹೋಗುತ್ತಿದ್ದರು, ನನಗೆ ಹಾಗೆಯೇ ಅನಿಸಿತು. ಆದರೆ ಹಿಂದಿನಿಂದ ಒಬ್ಬ, "ಟೀವಿನ್ಯಾಗ ಎತ್ತಿದ್ದು ಇದಕ್ಕಿಂತ ದೊಡ್ಡದಿತ್ತಲೇ" ಎಂದ. ಹೌದು ಹೌದು ಎಂದು ಎಲ್ಲರಿಗೂ ಉಸಿರು ಮರಳಿ ಬಂತು. ಕೆಲವರು ಫೋನು ತೆಗೆದು ನೋಡಿದರು. ಫೋನಿನಲ್ಲಿ ಅದು ನಿಜಕ್ಕೂ ದೊಡ್ಡದಾಗಿಯೇ ಕಾಣುತ್ತದೆ.

ಈಗ ಅದನ್ನು ದಿನಾಲೂ ತೊಳೆದು ಎಣ್ಣೆ ಹಚ್ಚುತ್ತಾರೆ. ಸುತ್ತ ಹೊಳೆಯ ಉಸುಕು ಹಾಕಿದ್ದಾರೆ, ನಿಮ್ಮ ಕಾಲು ಜಾರದಿರಲಿ ಎಂದು. ಊರಿನ ಗಟ್ಟಿ ಗಂಡಸರೆಲ್ಲ ಒಬ್ಬೊಬ್ಬರಾಗಿ ಕೈ ಹಚ್ಚಿ ನೋಡಿದರು. ಒಬ್ಬರೂ ಅಲುಗಿಸುವುದಕ್ಕಿಂತ ಹೆಚ್ಚು ಮಾಡಲಿಲ್ಲ, ಮಾಡದಷ್ಟೂ ಅವರಿಗೆ ನಿಮ್ಮ ಮೇಲೆ ಭಕ್ತಿ ಹೆಚ್ಚುತ್ತಿದೆ. ನಮ್ಮ ಮನೆಗೆ ತುಪ್ಪ ಬರುತ್ತಿದೆ, ತತ್ತಿ ಬರುತ್ತಿದೆ, ಅಂಟಿನ ಉಂಡೆ ಬರುತ್ತಿದೆ. ಸೂರ್ಯಕಾಂತ ಬಂದೊಡನೆ ತಿನ್ನಿಸು, ಶಕ್ತಿ ಬರಲಿ ಎನ್ನುತ್ತಾರೆ. ಹಿಂದೆ ನಮ್ಮ ಮನೆಯ ನೀರು ಕುಡಿಯದವರ ಮನೆಯಿಂದಲೂ ತುಪ್ಪ ಬಂದಿದೆ. ಅಟ್ಟದ ಮೇಲೆ ಸಾಲಾಗಿ ಇಟ್ಟಿದ್ದೇನೆ. ನೋಡಿದಾಗಲೆಲ್ಲ ಹಬ್ಬಕ್ಕೆಂದು ಕಟ್ಟಿದ ಹೋತಕ್ಕೆ ಸೊಪ್ಪು ಹಾಕುವುದು ನೆನಪಾಗುತ್ತದೆ. ಒಬ್ಬರಿಗೂ ನಿಮ್ಮ ಮೇಲೆ ದ್ವೇಷವಿಲ್ಲ, ಅದೇ ನನಗೆ ಹೆದರಿಕೆ. ದ್ವೇಷ ಇದ್ದಿದ್ದರೆ ಜಗಳ ಮಾಡಬಹುದಿತ್ತು. ಪ್ರೀತಿಯಿಂದ ಕೊಲ್ಲಲು ನಿಂತವರಿಗೆ ಏನು ಹೇಳುವುದು? ಬಿಸಿ ತುಪ್ಪದ ಹಾಗಾಗಿದೆ ನನ್ನ ಬಾಳು, ನುಂಗಲಾರೆ, ಉಗುಳಲಾರೆ.

ಶೋದವರಾದರೂ ತಡೆಯುತ್ತಾರೆ ಎಂದುಕೊಂಡೆ. ಗುಂಡು ಹುಸಿ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊನ್ನೆ ಆ ಹುಡುಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಊರವರು ನಿಜವಾದ ಗುಂಡು ಇಟ್ಟುಕೊಂಡು ಕಾಯುತ್ತಿದ್ದಾರೆ, ಅವರ ಬೆನ್ನು ಹೋಗಿದೆ, ಕಾಲು ಹೋಗುತ್ತವೆ ಎಂದೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡಳು. ಅವರಿಗೆ ಮೊದಲೇ ಗೊತ್ತಿದೆಯಂತೆ! ಗೌಡರು ಫೋನು ಮಾಡಿ ಕರೆದಿದ್ದಾರಂತೆ, ಅವರು ಕಾರಹುಣ್ಣಿಮೆಗೆ ನಿಮ್ಮನ್ನು ಕರೆದುಕೊಂಡು ಕ್ಯಾಮೆರಾ ಸಮೇತ ಬರುತ್ತಾರಂತೆ, ಊರಿನ ಭೇಟಿಯ ಕಂತು ಅದೇ ಅಂತೆ. ನಕಲಿ ಎಂದು ಬೈದವರ ಬಾಯಿ ಮುಚ್ಚಿಸಬೇಕಂತೆ. ಎತ್ತಲು ಆಗುವುದಿಲ್ಲ ತಾಯಿ ಎಂದೆ. "ಎತ್ತದಿದ್ರೂ ಪರವಾಗಿಲ್ಲ ಮೇಡಂ, ಟ್ರೈ ಮಾಡೋದು ಮುಖ್ಯ. ಬಿದ್ರೂ ಎಪಿಸೋಡ್ ಚೆನ್ನಾಗೇ ಬರುತ್ತೆ" ಎಂದಳು. ಡಾಕ್ಟರು ಎಕ್ಸ್‌ರೇ ನೋಡಿಯೇ ಹೇಳಿದ್ದು ಎಂದೆ. ಆಗ ಆಕೆಗೆ ಏನೋ ಹೊಳೆಯಿತು. "ಎಕ್ಸ್‌ರೇ ಇದ್ರೆ ತೆಗೆದಿಟ್ಟಿರಿ ಮೇಡಂ, ಬೆಳಕಿಗೆ ಹಿಡ್ಕೊಂಡು ನೀವು ನೋಡೋ ಹಾಗೆ ಒಂದು ಶಾಟ್ ಮಾಡೋಣ." ಕೆಟ್ಟ ಹುಡುಗಿಯಲ್ಲ ಅವಳು. ಊಟ ಆಯಿತಾ ಎಂದು ಕೇಳಿಯೇ ಫೋನು ಇಟ್ಟಳು.

ನಿಮಗೆ ಕೊಟ್ಟ ಮಾತನ್ನು ನಾನು ನಿನ್ನೆ ಮುರಿದೆ. ಅವ್ವನನ್ನು ಕೂರಿಸಿಕೊಂಡು ಬೆನ್ನಿನ ವಿಷಯ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ ಕೂತು, "ನನ್ನ ಮಗ ನನಗ ಹೇಳದ್ದು ನಿನಗ ಹೇಳ್ಯಾನೇನು? ಗಂಡನ ಹೆಸರು ದೊಡ್ಡದಾದ್ರ ಹೆಂಡತಿ ಹೊಟ್ಟಿ ಯಾಕ ಉರೀತದ್ಬೇ?" ಎಂದರು. ನೋವಾಯಿತು. ಆದರೆ ಅವರು ರಾತ್ರಿಯಿಂದ ಊಟ ಮಾಡಿಲ್ಲ. ಬೆಳಿಗ್ಗೆ ವೀಳ್ಯದ ಎಲೆಗಳಿಗೆ ನೀರು ಚಿಮುಕಿಸುತ್ತ ಎರಡು ಸಲ ನನ್ನ ಕಡೆ ತಿರುಗಿ ನೋಡಿದರು. ಎಲೆ ಬಾಡದಂತೆ ಕಾಪಾಡುತ್ತಿದ್ದಾರೆ, ಪಾಪ.

ಒಂದೇ ದಾರಿ ಉಳಿದಿದೆ. ವೀಳ್ಯ ಹಿಡಿದ ಮನೆಯವರು ಅಗಸಿಗೆ ಹೋಗಿ, ಮಂದಿಯ ಮುಂದೆ ನಮ್ಮಿಂದ ಆಗದು ಎಂದು ಹೇಳಿ ಅದನ್ನು ಮರಳಿ ಕೊಡಬಹುದು. ಕೊಟ್ಟವರು ಕೈ ಚಾಚಿ ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಗಂಡಸು ಊರಲ್ಲಿ ಇಲ್ಲದಾಗ ಹೆಂಗಸು ಹಾಗೆ ಹೋದದ್ದು ನಾನಂತೂ ಕೇಳಿಲ್ಲ. ಹೋಗುತ್ತೇನೆ. ಮುಜೀಬನ ಬಸ್ಸು ಹೊರಡುವ ಮೊದಲು ಹೋಗಿ ಬಂದು, ಏನಾಯಿತೆಂದು ಈ ಕಾಗದದ ಕೊನೆಯಲ್ಲೇ ಬರೆಯುತ್ತೇನೆ. ಬರೀ ಬೆನ್ನಿನ ಮಾತಾಡಿದರೆ ಹೆದರಿದ ಹೆಂಗಸು ಎಂದುಬಿಡುತ್ತಾರೆ. ಟೀವಿಯ ಗುಂಡಿನ ಗುಟ್ಟನ್ನೂ ಹೇಳಬೇಕಾಗುತ್ತದೆ. ನಿಮ್ಮ ಹೆಸರು ನನ್ನ ಬಾಯಿಂದಲೇ ಹಾಳಾಗುತ್ತದೆ. ಬ್ಯಾನರು ಇಳಿಯುತ್ತದೆ, ಮೈತ್ರಿಗೆ ಚಪ್ಪಾಳೆ ಹೊಡೆದವರೇ ನಗುತ್ತಾರೆ, ಅಂದೋಲಾದವರಿಗೆ ಗೌಡರು ಮುಖ ತೋರಿಸಲಾರರು, ನಮ್ಮ ಓಣಿಯವರಿಗೆ ಮತ್ತೆಂದೂ ಆ ವೀಳ್ಯ ಬರಲಾರದು. ಇದೆಲ್ಲ ಯೋಚಿಸಿದ್ದೇನೆ. ನೀವು ನನ್ನೊಡನೆ ವರ್ಷಗಟ್ಟಲೆ ಮಾತು ಬಿಟ್ಟರೂ ಬಿಡಬಹುದು. ಮಾತು ಬಿಟ್ಟ ಗಂಡ ಮನೆಯಲ್ಲಿ ಓಡಾಡಿಕೊಂಡಿದ್ದರೆ ನನಗೆ ಸಾಕು. ನನಗೆ ನೀವು ಬೇಕು, ನಿಮ್ಮ ಹೆಸರಲ್ಲ.

ಅವ್ವ ಮುನಿದುಕೊಂಡಿದ್ದರೂ ನಿಮಗೆ ಆಶೀರ್ವಾದ ಬರೆ ಎಂದು ಹೇಳಿದ್ದಾರೆ. ಸುಲ್ತಾನಬಿಯ ದುವಾ ಇದೆ. ಮೈತ್ರಿ, ಅಪ್ಪನಿಗೆ ನನ್ನ ನೆನಪು ತಿಳಿಸು, ಚಷ್ಮಾ ಹಾಕಿಕೊಳ್ಳಲು ಹೇಳು ಎಂದಿದ್ದಾಳೆ. ತಣ್ಣೀರಲ್ಲಿ ಸ್ನಾನ ಮಾಡಬೇಡಿ. ರೊಟ್ಟಿ ಹಳಸುವ ಮೊದಲು ತಿನ್ನಿ. ನಿಮ್ಮ ಬೆನ್ನು, ನಿಮ್ಮ ಮನಸ್ಸು ಎರಡೂ ನೆಟ್ಟಗಿರಲಿ ಎಂದು ಬುದ್ಧನ ಮುಂದೆ ದೀಪ ಹಚ್ಚಿದ್ದೇನೆ.

ನಿಮ್ಮ
ಪಂಚಶೀಲಾ

ತಾ.ಕ.: ಮುಜೀಬ ಬಾಗಿಲಲ್ಲಿ ನಿಂತಿದ್ದಾನೆ, ಅಕ್ಷರ ಹೇಗೇ ಇದ್ದರೂ ಓದಿಕೊಳ್ಳಿ. ಅಗಸಿಗೆ ಹೋಗಿ ಬಂದೆ. ಅವ್ವನೂ ಹಿಂದೆಯೇ ಬಂದರು. ವೀಳ್ಯವನ್ನು ಗುಂಡಿನ ಮೇಲಿಟ್ಟು ಎಲ್ಲ ಹೇಳಿದೆ, ಬೆನ್ನು, ಡಾಕ್ಟರು, ಟೀವಿಯ ಗುಂಡು ಹುಸಿ ಎಂಬುದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು, ತಡೆಯಲಾಗಲಿಲ್ಲ. ಯಾರೂ ಬೈಯಲಿಲ್ಲ. ಎಲ್ಲರೂ ಫೋನು ಎತ್ತಿ ಹಿಡಿದರು. "ಶೂಟಿಂಗ್ ಶುರು ಆತೇನ್ಬೇ, ಕ್ಯಾಮೆರಾ ಎಲ್ಲಿಟ್ಟಾರ?" ಎಂದು ಒಬ್ಬ ಕೇಳಿದ. ಇದು ಖರೆ, ಇದು ಖರೆ ಎಂದು ನಾನು ಕೂಗಿದಷ್ಟೂ ಚಪ್ಪಾಳೆ ಹೆಚ್ಚಾಯಿತು. ಗೌಡರು ನಕ್ಕು, "ಹ್ವಾದ ಸಲಕ್ಕಿಂತ ಛಲೋ ಮಾಡಿದಿ ತಂಗಿ, ನೋಡಿದ ಮಂದಿ ಅತ್ತೇ ಅಳ್ತಾರ" ಎಂದರು. ಕೈ ಚಾಚಲಿಲ್ಲ. ವೀಳ್ಯ ಇನ್ನೂ ಗುಂಡಿನ ಮೇಲೆಯೇ ಇದೆ. ನಂಬಿದವರು ನಿಮ್ಮ ಅವ್ವ ಒಬ್ಬರೇ. ಅಲ್ಲೇ ಉಸುಕಿನಲ್ಲಿ ಕುಸಿದು ಕೂತರು, ಎಬ್ಬಿಸಿಕೊಂಡು ಬಂದೆ. ಇನ್ನು ಈ ಊರಲ್ಲಿ ನಾನು ಏನು ಹೇಳಿದರೂ ಆಟವೇ. ನೀವು ಬಂದರೆ ಗುಂಡಿನ ಮುಂದೆ ನಿಲ್ಲಿಸುತ್ತಾರೆ. ನಿಂತರೆ ನೀವು ಇಲ್ಲ ಎನ್ನುವುದಿಲ್ಲ, ನನಗೆ ನಿಮ್ಮ ಸ್ವಭಾವ ಗೊತ್ತು. ಮುಜೀಬ ನಾಳೆ, ಬುಧವಾರ ಸಂಜೆ ಗೇಟಿನ ಹೊರಗೆ ಇರುತ್ತಾನೆ. ಡಬ್ಬಿ ಮರಳಿ ಕೊಡುತ್ತೇನೆಂದು ಹೇಳಿ ಹೊರಗೆ ಬನ್ನಿ, ಫೋನು ಕೇಳಬೇಡಿ, ಬಟ್ಟೆಬರೆ ಅಲ್ಲೇ ಇರಲಿ. ಅವನ ಬಸ್ಸಿನಲ್ಲಿ ಕಲಬುರಗಿಗೆ ಬಂದು ಅಲ್ಲಿಂದ ಆಳಂದಕ್ಕೆ, ನನ್ನ ತವರಿಗೆ ಹೋಗಿ. ಅಣ್ಣ ಭಗವಂತನಿಗೆ ಫೋನು ಮಾಡಿ ಹೇಳಿದ್ದೇನೆ, ಬಸ್‌ಸ್ಟ್ಯಾಂಡಿಗೆ ಬರುತ್ತಾನೆ. ಹೆದರಿ ಓಡಿಹೋದ, ಸುಳ್ಳ ಎಂದು ಇಲ್ಲಿ ಅನ್ನುತ್ತಾರೆ. ಅನ್ನಲಿ, ನಾನೂ ಮೈತ್ರಿಯೂ ಕೇಳಿಸಿಕೊಳ್ಳುತ್ತೇವೆ. ನಡೆಯುವ ಕಾಲಿರುವಾಗಲೇ ನಡೆದುಬಿಡಿ. ಊರಿಗೆ ಬರಬೇಡಿ.